ವಿಮಾನದ ಇಂಟರ್‌ಕಾಮಿನಲ್ಲಿ ಹಾಡು ಸಣ್ಣ ಕೇಳ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆ ಇಲ್ಲ. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ವರ್ಷಗಳಿಂದ ನಡೆದೇ ಇದೆ. ಅಷ್ಟರಲ್ಲಿ ನಮ್ಮ ಶಿರಸಿ, ಕುಮಟಾ, ಕಾರವಾರದ ಮಕ್ಕಳು ಬೆಳಗಾವಿಗೋ ಕಲಬುರಗಿಗೋ ಜಕ್ಕೂರಿಗೋ ಹೋಗಿ ಪೈಲಟ್ ಆಗುತ್ತಿದ್ದಾರೆ. ವಿಮಾನದ ರೇಡಿಯೋ ಕೆಲಸ ಗೊತ್ತಿರುವವನು ಕಾರವಾರದಲ್ಲಿ ಒಬ್ಬ ಇದ್ದಾನೆ ಎಂದು ತಿಳಿದ ಮೇಲೆ ಪ್ರಶ್ನೆಗಳು ನಿಂತಿಲ್ಲ. ಚೌತಿಗೆ ಊರಿಗೆ ಬಂದಾಗ, ವಾಟ್ಸಾಪಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಎರಡು ಅಥವಾ ನಾಲ್ಕು ಸೀಟಿನ, ಮುಂದೆ ಒಂದು ಎಂಜಿನ್ ಇರುವ ವಿಮಾನಗಳ ಮಾತು ಇದು.

## ಮೊದಲಿಗೆ

ಸಣ್ಣ ವಿಮಾನದಲ್ಲಿ ಹಾಡು ಕೇಳೋದಾ? ಅದೆಂಥ ವ್ಯವಸ್ಥೆ ಮಾರಾಯ್ರೆ?

ಸೆಸ್ನಾ 172 ರೀತಿಯ ವಿಮಾನದ ಒಳಗೆ ಸದ್ದು ಸುಮಾರು 90 ಡೆಸಿಬಲ್ ಇರುತ್ತದೆ. ಪಕ್ಕದಲ್ಲಿ ಕೂತವರ ಮಾತೂ ಬರಿಗಿವಿಗೆ ಕೇಳುವುದಿಲ್ಲ. ಹಾಗಾಗಿ ಎಲ್ಲರೂ ಹೆಡ್‌ಸೆಟ್ ಹಾಕುತ್ತಾರೆ. ಆ ಹೆಡ್‌ಸೆಟ್‌ಗಳನ್ನೆಲ್ಲ ಒಂದಕ್ಕೊಂದು ಮತ್ತು ರೇಡಿಯೋಗೆ ಸೇರಿಸುವ ಪೆಟ್ಟಿಗೆಯೇ ಇಂಟರ್‌ಕಾಮ್. ಅದರಲ್ಲಿ ಹಲವು ಸಲ ಫೋನ್ ಹಾಕಲು ಒಂದು ಚಿಕ್ಕ ತೂತು ಇರುತ್ತದೆ, ನಾವು ಹಳೆ ಇಯರ್‌ಫೋನ್ ಹಾಕುತ್ತಿದ್ದ 3.5 ಮಿಲಿಮೀಟರಿನದೇ.

ಕಲಿಯುವಾಗ ಹಾಡು ಬೇಡವೇ ಬೇಡ. ಲೈಸೆನ್ಸ್ ಬಂದ ಮೇಲೂ ಏರುವಾಗ, ಇಳಿಯುವಾಗ, ನಿಲ್ದಾಣದ ಹತ್ತಿರ ಸುತ್ತುವಾಗ ಬಂದ್ ಮಾಡಿಡಬೇಕು. ಮೇಲೆ ಹೋಗಿ ನೆಟ್ಟಗೆ ಸಾಗುವ ಉದ್ದದ ದಾರಿಯಲ್ಲಿ, ವಿಮಾನದ ಮಾಲೀಕರ ಮತ್ತು ಸಂಸ್ಥೆಯ ನಿಯಮ ಒಪ್ಪಿದರೆ ಮಾತ್ರ ಇದರ ಮಾತು.

ಫೋನಿಗೆ ಇಯರ್‌ಫೋನ್ ಹಾಕಿದ್ರೆ ಕಿವಿ ಒಡೆಯೋ ಹಾಗೆ ಕೇಳ್ತದೆ. ಅದೇ ಫೋನು ಇಂಟರ್‌ಕಾಮಿಗೆ ಹಾಕಿದ್ರೆ ಪಿಸುಗುಟ್ಟಿದ ಹಾಗೆ. ಯಾಕೆ?

ಫೋನು ಕೊಡುವ ವೋಲ್ಟೇಜ್ ಬಹಳ ಸಣ್ಣದು. ಹೆಚ್ಚಿನವು ಅರ್ಧ ವೋಲ್ಟಿನಿಂದ ಒಂದು ವೋಲ್ಟಿನ ಆಚೀಚೆ. ಕಿವಿಯೊಳಗೇ ಕೂರುವ 16 ಅಥವಾ 32 ಓಮಿನ (ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಇಯರ್‌ಫೋನಿಗೆ ಅಷ್ಟು ಸಾಕು. ವಿಮಾನದ ಹೆಡ್‌ಸೆಟ್ ಸಾಮಾನ್ಯವಾಗಿ 150ರಿಂದ 600 ಓಮ್ ಇರುತ್ತದೆ. ಲೆಕ್ಕ ಹಾಕಿ ನೋಡಿ. ಅರ್ಧ ವೋಲ್ಟು 32 ಓಮಿಗೆ ಸುಮಾರು 8 ಮಿಲಿವ್ಯಾಟ್ ಕೊಡುತ್ತದೆ, 300 ಓಮಿಗೆ ಒಂದು ಮಿಲಿವ್ಯಾಟ್ ಕೂಡ ಇಲ್ಲ. ಫೋನನ್ನು ಅಡಾಪ್ಟರ್ ಹಾಕಿ ನೇರ ಹೆಡ್‌ಸೆಟ್‌ಗೆ ಚುಚ್ಚಿದವರಿಗೆ ಇದೇ ಉತ್ತರ.

ನಡುವೆ ಇಂಟರ್‌ಕಾಮ್ ಇದ್ದರೆ ಕತೆ ಬೇರೆ. ಆಗ ಹೆಡ್‌ಸೆಟ್ ನಡೆಸುವ ಕೆಲಸ ಇಂಟರ್‌ಕಾಮಿನ ಆಂಪ್ಲಿಫೈಯರಿನದು. ಆದರೆ ಅದನ್ನು ಮಾಡಿದವರು ಬೇಕಂತಲೇ ಹಾಡನ್ನು ರೇಡಿಯೋಗಿಂತ, ಮಾತಿಗಿಂತ ಕೆಳಗೆ ಇಟ್ಟಿರುತ್ತಾರೆ. ಹಾಡಿನ ಅಬ್ಬರದಲ್ಲಿ ವಿಮಾನ ನಿಲ್ದಾಣದ ಟವರ್ ರೇಡಿಯೋದಲ್ಲಿ ಹೇಳಿದ್ದು ತಪ್ಪಬಾರದು ಅಲ್ವಾ? ಹಾಗಾಗಿ ಸ್ವಲ್ಪ ಸಣ್ಣ ಕೇಳುವುದು ದೋಷ ಅಲ್ಲ. ತೀರಾ ಸಣ್ಣ ಕೇಳಿದರೆ ಮಾತ್ರ ಮುಂದೆ ಓದಿ.

ಒಂದು ರೂಪಾಯಿ ಖರ್ಚಿಲ್ಲದೆ ಏನೇನು ನೋಡ್ಬಹುದು?

ಬಂದವರಲ್ಲಿ ಹೆಚ್ಚಿನವರ ತೊಂದರೆ ಇಲ್ಲೇ ಮುಗಿಯುತ್ತದೆ. ಫೋನಿನಿಂದ ಶುರು ಮಾಡಿ. ಇಯರ್‌ಫೋನ್, ಸ್ಪೀಕರ್, ಬ್ಲೂಟೂತ್ ಮೂರಕ್ಕೂ ಫೋನು ಬೇರೆ ಬೇರೆ ವಾಲ್ಯೂಮ್ ನೆನಪಿಟ್ಟುಕೊಳ್ಳುತ್ತದೆ. ವಯರು ಚುಚ್ಚಿದ ಮೇಲೆ ಏರಿಸಬೇಕು, ಮೊದಲೇ ಏರಿಸಿ ಉಪಯೋಗ ಇಲ್ಲ. ಕಿವಿ ಕಾಪಾಡಲು ಜೋರು ಸದ್ದಿಗೆ ಮಿತಿ ಹಾಕುವ ಸೆಟ್ಟಿಂಗ್ ಐಫೋನಿನಲ್ಲೂ ಆಂಡ್ರಾಯ್ಡಿನಲ್ಲೂ ಇದೆ. ಇಂಟರ್‌ಕಾಮಿಗೆ ವಯರು ಹಾಕಿದ್ದೀರೋ ಕಿವಿಗೆ ಹಾಕಿದ್ದೀರೋ ಎಂದು ಫೋನಿಗೆ ಗೊತ್ತಾಗುವುದಿಲ್ಲ. ಅದು ಮಿತಿ ಹಾಕಿಯೇ ಹಾಕುತ್ತದೆ. ಹಾಡಿನ ಆ್ಯಪಿನೊಳಗೆ ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್ ಇದ್ದರೆ ಅದನ್ನೂ ತೆಗೆದು ನೋಡಿ.

ಆಮೇಲೆ ಡಾಂಗಲ್. ಈಗಿನ ಫೋನುಗಳಿಗೆ ತೂತೇ ಇಲ್ಲವಲ್ಲ, ಸಿ-ಪಿನ್ನಿನ ತುಂಡು ವಯರು ಬೇಕು. ಆಪಲ್‌ನ ಸಿ-ಪಿನ್ ಡಾಂಗಲನ್ನು ಆಂಡ್ರಾಯ್ಡ್ ಫೋನಿಗೆ ಹಾಕಿದರೆ ಹಲವು ಫೋನುಗಳಲ್ಲಿ ವಾಲ್ಯೂಮ್ ಪೂರ್ತಿ ಏರುವುದೇ ಇಲ್ಲ. ಯುರೋಪಿನಲ್ಲಿ ಮಾರುವ ಅದೇ ಡಾಂಗಲ್ ಕೊಡುವುದು ಅರ್ಧ ವೋಲ್ಟ್, ಅಮೆರಿಕದ್ದು ಒಂದು ವೋಲ್ಟ್. ನೋಡಲು ಎರಡೂ ಒಂದೇ ಥರ. ದುಬೈ ಮಾವ ತಂದುಕೊಟ್ಟದ್ದು, ಲಂಡನ್ ಅಕ್ಕ ಕಳಿಸಿದ್ದು ಎಂದು ಒಂದೊಂದು ಮನೆಯಲ್ಲಿ ಒಂದೊಂದು ಇರುತ್ತದೆ. ಬೇರೆಯವರದು ಹಾಕಿ ನೋಡಿ.

ಕೊನೆಗೆ ಹೆಡ್‌ಸೆಟ್. ಕಿವಿಯ ಬಟ್ಟಲಿನ ಮೇಲೆ, ಇಲ್ಲವೇ ವಯರಿನ ನಡುವೆ ಚಿಕ್ಕ ವಾಲ್ಯೂಮ್ ಗುಂಡಿ ಇರುತ್ತದೆ. ಹಿಂದಿನವರು ಯಾರೋ ಇಳಿಸಿಟ್ಟಿರುತ್ತಾರೆ. ಸದ್ದು ಕೊಲ್ಲುವ ಬ್ಯಾಟರಿ ಹೆಡ್‌ಸೆಟ್ ಆದರೆ ಸೆಲ್ ಬದಲಿಸಿ. ಸೆಲ್ ಸತ್ತರೂ ಹೆಚ್ಚಿನವು ಕೆಲಸ ಮಾಡುತ್ತವೆ, ಆದರೆ ಧ್ವನಿ ಇಳಿದಿರುತ್ತದೆ. ಅದಕ್ಕೇ ಸೆಲ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಎಂಜಿನ್ ಆಫ್ ಇದ್ದಾಗ ಚೆನ್ನಾಗಿ ಕೇಳ್ತದೆ. ಸ್ಟಾರ್ಟ್ ಮಾಡಿದ ಕೂಡ್ಲೆ ಹಾಡು ಕೆಳಗೆ ಹೋಗ್ತದೆ. ಎಂಜಿನ್ನಿಗೂ ಹಾಡಿಗೂ ಎಂಥ ಸಂಬಂಧ?

ನನಗೆ ಇಷ್ಟದ ಪ್ರಶ್ನೆ ಇದು, ಯಾಕೆಂದರೆ ಎಲ್ಲರೂ ಮೊದಲು ವಯರಿಂಗ್ ಮೇಲೆ ಗೂಬೆ ಕೂರಿಸುತ್ತಾರೆ.

ಇಂಟರ್‌ಕಾಮಿನಲ್ಲಿ ಸ್ಕ್ವೆಲ್ಚ್ ಎಂಬ ಗುಂಡಿ ಇದೆ. ಮೈಕಿಗೆ ಬರುವ ಸದ್ದು ಒಂದು ಮಟ್ಟ ದಾಟಿದರೆ ಮಾತ್ರ ಮೈಕು ತೆರೆಯಲಿ, ಇಲ್ಲದಿದ್ದರೆ ಮುಚ್ಚಿರಲಿ ಎನ್ನುವುದು ಅದರ ಕೆಲಸ. ಯಾರಾದರೂ ಮಾತಾಡಿದರೆ ಹಾಡನ್ನು ಇಳಿಸುವ ಏರ್ಪಾಡು ಇನ್ನೊಂದು. ಈಗ ಎರಡನ್ನೂ ಕೂಡಿಸಿ. ಸ್ಕ್ವೆಲ್ಚ್ ಸಡಿಲ ಇದ್ದರೆ ಎಂಜಿನ್ನಿನ ಸದ್ದಿಗೇ ಮೈಕು ತೆರೆದುಕೊಳ್ಳುತ್ತದೆ. ಯಾರೋ ಮಾತಾಡುತ್ತಿದ್ದಾರೆ ಎಂದು ಇಂಟರ್‌ಕಾಮ್ ತಿಳಿಯುತ್ತದೆ. ಹಾಡನ್ನು ಇಳಿಸುತ್ತದೆ. ಎಂಜಿನ್ ನಿಲ್ಲುವ ತನಕ ಅದು ಮೇಲೆ ಬರುವುದಿಲ್ಲ. ವಾಲ್ಯೂಮ್ ಎಷ್ಟು ತಿರುಗಿಸಿದರೂ ಅಷ್ಟೆ.

ಸರಿ ಮಾಡುವುದು ಸುಲಭ. ಎಂಜಿನ್ ನಡೆಯುತ್ತಿರುವಾಗ ಯಾರೂ ಮಾತಾಡದೆ ಸುಮ್ನೆ ಕೂರಿ. ಹೆಡ್‌ಸೆಟ್ಟಿನಲ್ಲಿ ಗಾಳಿಯ ಭರ್ ಸದ್ದು ಕೇಳುತ್ತಿದ್ದರೆ ಮೈಕು ತೆರೆದಿದೆ ಎಂದರ್ಥ. ಆ ಸದ್ದು ನಿಲ್ಲುವ ತನಕ ಸ್ಕ್ವೆಲ್ಚ್ ತಿರುಗಿಸಿ, ಅಲ್ಲಿಂದ ಒಂದು ಕೂದಲೆಳೆ ಆಚೆ ಬಿಡಿ. ಜಾಸ್ತಿ ಬಿಗಿ ಮಾಡಿದರೆ ಮಾತಿನ ಮೊದಲ ಅಕ್ಷರ ನುಂಗಿ ಹೋಗುತ್ತದೆ. ಹಲವು ಹೊಸ ಮಾದರಿಗಳಲ್ಲಿ ಇದು ತಾನಾಗಿಯೇ ಹೊಂದಿಕೊಳ್ಳುತ್ತದೆ, ಗುಂಡಿ ಇರುವುದಿಲ್ಲ.

ಗುಂಡಿಗಿಂತ ದೊಡ್ಡ ಕಳ್ಳ ಇನ್ನೊಬ್ಬನಿದ್ದಾನೆ. ಹಿಂದಿನ ಸೀಟು ಖಾಲಿ, ಆದರೆ ಹೆಡ್‌ಸೆಟ್ ಚುಚ್ಚಿಯೇ ಇದೆ. ಅದರ ಮೈಕು ಗಾಳಿ ಬರುವ ಕಿಂಡಿಯ ಕಡೆ ಮುಖ ಮಾಡಿ ಬಿದ್ದಿರುತ್ತದೆ. ಆ ಒಂದು ಮೈಕು ಸಾಕು. ಬಳಸದ ಹೆಡ್‌ಸೆಟ್ಟಿನ ಮೈಕ್ ಪಿನ್ ಎಳೆದಿಡಿ, ಹೆಡ್‌ಸೆಟ್ಟಿನ ಎರಡು ಪಿನ್ನುಗಳಲ್ಲಿ ಸಪೂರ ಇರುವುದು ಅದು. ಬಳಸುವವರು ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ಇಡಬೇಕು. ಸ್ಪಂಜಿನ ಟೊಪ್ಪಿ ಹರಿದಿದ್ದರೆ ಹೊಸದು ಹಾಕಿ.

ಇಷ್ಟಾದ ಮೇಲೂ ಸಣ್ಣ ಅನ್ನಿಸಿದರೆ, ಹಾಡು ಇಳಿದದ್ದಲ್ಲ, ಸುತ್ತಲಿನ ಸದ್ದು ಅದನ್ನು ಮುಚ್ಚಿದೆ. ಒಳ್ಳೆಯ ಸಾದಾ ಹೆಡ್‌ಸೆಟ್ 20ರಿಂದ 25 ಡೆಸಿಬಲ್ ಸದ್ದು ತಡೆಯುತ್ತದೆ. ದಪ್ಪ ಕಡ್ಡಿಯ ಕನ್ನಡಕ ಹಾಕಿದರೆ, ಕಿವಿಯ ಮೆತ್ತೆ ಗಟ್ಟಿಯಾಗಿದ್ದರೆ ಅಲ್ಲಿಂದ ಸದ್ದು ನುಗ್ಗುತ್ತದೆ. ಎರಡೂ ಕೈಯಿಂದ ಬಟ್ಟಲನ್ನು ಕಿವಿಗೆ ಒತ್ತಿ ನೋಡಿ. ಹಾಡು ಚೆನ್ನಾಗಿ ಕೇಳಿದರೆ ಇಂಟರ್‌ಕಾಮ್ ಬಿಟ್ಟುಬಿಡಿ, ಮೆತ್ತೆ ಬದಲಿಸಿ.

ಟವರ್ ಮಾತಾಡಿದಾಗೆಲ್ಲ ಹಾಡು ಕಟ್ ಆಗ್ತದೆ. ರಿಪೇರಿ ಮಾಡ್ಸಬೇಕಾ?

ಬೇಡ. ಅದು ಹಾಗೇ ಇರಬೇಕು. ಪ್ರಯಾಣಿಕರಿಗೆ ಮಾತ್ರ ಹಾಡು ನಿಲ್ಲದ ಹಾಗೆ ಮಾಡುವ ಸ್ವಿಚ್ ಕೆಲವು ಇಂಟರ್‌ಕಾಮಿನಲ್ಲಿ ಇದೆ. ಪೈಲಟ್ ಕಿವಿಗೆ ಆ ಸೌಕರ್ಯ ಬೇಡ.

## ಸ್ವಲ್ಪ ಒಳಗೆ ಹೋದರೆ

ವಾದ್ಯ ಎಲ್ಲ ಕೇಳ್ತದೆ, ಹಾಡುವವರ ಧ್ವನಿ ಮಾತ್ರ ಎಲ್ಲೋ ಬಾವಿಯಲ್ಲಿ! ಯಕ್ಷಗಾನ ಹಾಕಿದ್ರೆ ಏನೂ ಇಲ್ಲ. ಭೂತ ಹೊಕ್ಕಿದ್ಯಾ?

ಭೂತ ಇಲ್ಲ, ಗ್ರೌಂಡ್ ಇಲ್ಲ. ಫೋನಿನ ಪಿನ್ನಿನಲ್ಲಿ ಎಡ, ಬಲ ಮತ್ತು ಎರಡಕ್ಕೂ ಸೇರಿದ ಗ್ರೌಂಡ್ (ಕರೆಂಟು ವಾಪಸ್ ಹೋಗುವ ದಾರಿ) ಇರುತ್ತವೆ. ಗ್ರೌಂಡ್ ತಾಗದೆ ಹೋದರೆ ಹೆಡ್‌ಸೆಟ್‌ಗೆ ತಲುಪುವುದು ಎಡ-ಬಲಗಳ ನಡುವಿನ ವ್ಯತ್ಯಾಸ ಮಾತ್ರ. ಸಿನಿಮಾ ಹಾಡಿನಲ್ಲಿ ಗಾಯಕರ ಧ್ವನಿ ಎರಡೂ ಕಡೆ ಸಮ ಇರುತ್ತದೆ. ಸಮದಿಂದ ಸಮ ಕಳೆದರೆ ಸೊನ್ನೆ. ಒಂದೊಂದು ಬದಿಗೆ ಸರಿಸಿಟ್ಟ ವಾದ್ಯಗಳು ಉಳಿಯುತ್ತವೆ. ಹಳೆ ಕ್ಯಾಸೆಟ್ಟಿನಿಂದ ಮಾಡಿದ ಯಕ್ಷಗಾನ ಹೆಚ್ಚಾಗಿ ಮಾನೋ, ಎರಡೂ ಕಡೆ ಪೂರ್ತಿ ಒಂದೇ. ಭಾಗವತರು, ಚಂಡೆ, ಮದ್ದಳೆ ಎಲ್ಲ ಒಟ್ಟಿಗೇ ಮಾಯ.

ಈ ಲಕ್ಷಣ ಕಂಡರೆ ಬೇರೆ ಎಲ್ಲೂ ಹುಡುಕಬೇಡಿ. ಪಿನ್ನನ್ನು ಒಂದು ಮಿಲಿಮೀಟರ್ ಹೊರಗೆಳೆದು ನೋಡಿ. ಧ್ವನಿ ಮರಳಿ ಬಂದರೆ ಮೈಕ್ ಇರುವ ನಾಲ್ಕು ಭಾಗದ (ನಡುವೆ ಮೂರು ಗೆರೆಯ) ಪಿನ್ನನ್ನು ಮೂರು ಭಾಗದ ಪಿನ್ನಿನ ತೂತಿಗೆ ಹಾಕಿದ್ದೀರಿ, ಗ್ರೌಂಡ್ ಜಾಗ ತಪ್ಪಿದೆ. ಎರಡೂ ಕಡೆ ಮೂರೇ ಭಾಗ (ಎರಡೇ ಗೆರೆ) ಇರುವ ಸಾದಾ ವಯರು ತನ್ನಿ. ಫೋನಿನ ಕವರ್ ದಪ್ಪ ಇದ್ದು ಪಿನ್ನು ಪೂರ್ತಿ ಒಳಗೆ ಹೋಗದಿದ್ದರೂ ಹೀಗೇ ಆಗುತ್ತದೆ.

ಸಿನಿಮಾ ಹಾಡು ಸರಿ ಕೇಳ್ತದೆ. ಅಜ್ಜನ ಕಾಲದ ತಾಳಮದ್ದಳೆ ಮಾತ್ರ ಸಣ್ಣ. ಇದೂ ಗ್ರೌಂಡಾ?

ಸಿನಿಮಾ ಹಾಡಿನಲ್ಲಿ ಹಾಡುವವರ ಧ್ವನಿ ಗಟ್ಟಿಯಾಗಿ ಕೇಳುತ್ತಿದ್ದರೆ ಗ್ರೌಂಡ್ ಸರಿ ಇದೆ. ತೊಂದರೆ ಫೈಲಿನಲ್ಲೇ ಇದೆ. ಈಗಿನ ಹಾಡುಗಳನ್ನು ಒತ್ತಿ ಒತ್ತಿ ಜೋರು ಮಾಡಿಯೇ ಬಿಡುಗಡೆ ಮಾಡುತ್ತಾರೆ. ತಾಳಮದ್ದಳೆ ಕೂಟದ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು ಹಾಗಲ್ಲ. ಅರ್ಥಧಾರಿ ಮೆಲ್ಲಗೆ ಮಾತಾಡುತ್ತಾರೆ, ನಡುವೆ ಚಂಡೆ ಒಂದು ಪೆಟ್ಟು ಬೀಳುತ್ತದೆ, ಆ ಪೆಟ್ಟಿಗೆ ತಕ್ಕ ಹಾಗೆ ಇಡೀ ರೆಕಾರ್ಡಿಂಗ್ ಕೆಳಗೆ ಇರುತ್ತದೆ.

ಸುಮ್ನೆ ವಾಲ್ಯೂಮ್ ಏರಿಸಿದರೆ ಚಂಡೆ ಒಡೆಯುತ್ತದೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿ, ಮೊದಲು ಕಂಪ್ರೆಸರ್ (ಜೋರಿಗೂ ಮೆಲ್ಲಗಿಗೂ ಇರುವ ಅಂತರ ಇಳಿಸುವುದು), ಆಮೇಲೆ ನಾರ್ಮಲೈಸ್ (ಇಡೀ ಫೈಲನ್ನು ಒಟ್ಟಿಗೆ ಏರಿಸುವುದು) ಮಾಡಿ. ಮೇಲಿನ ತುದಿ ಮೈನಸ್ 1 ಡೆಸಿಬಲ್‌ಗೆ ನಿಲ್ಲಲಿ. ಮೂಲ ಫೈಲು ಮಾತ್ರ ಹಾಗೇ ಬೇರೆ ಕಡೆ ಇಟ್ಟಿರಿ. ವಿಮಾನದಲ್ಲಿ ಚೆನ್ನಾಗಿ ಕೇಳುವ ಹೊಸ ಫೈಲು ಮನೆಯಲ್ಲಿ ಕೇಳಲು ಚಪ್ಪಟೆ ಅನ್ನಿಸುತ್ತದೆ.

ಒಂದೇ ಕಿವಿಗೆ ಹಾಡು ಬರ್ತದೆ, ಅದೂ ಕಮ್ಮಿ.

ಸ್ಟೀರಿಯೋ ಹೆಡ್‌ಸೆಟ್ಟನ್ನು ಮಾನೋ ಜ್ಯಾಕಿಗೆ ಹಾಕಿದ್ದೀರಿ. ಹೆಡ್‌ಸೆಟ್ ಮೇಲೆ ಇಲ್ಲವೇ ಅದರ ಬ್ಯಾಟರಿ ಪೆಟ್ಟಿಗೆಯೊಳಗೆ ಮಾನೋ-ಸ್ಟೀರಿಯೋ ಸ್ವಿಚ್ ಇರುತ್ತದೆ. ಮಾನೋಕ್ಕೆ ತಳ್ಳಿ.

ಜೂನ್‌ನಲ್ಲಿ ಮನೆಗೆ ಬಂದು ಮಳೆಗಾಲ ಮುಗಿಸಿ ವಾಪಸ್ ಹೋದೆ. ಅದೇ ಹೆಡ್‌ಸೆಟ್ ಈಗ ಸಣ್ಣ ಕೇಳ್ತದೆ, ಕರಕರ ಅಂತದೆ.

ನಮ್ಮ ಕರಾವಳಿಯ ಸ್ಪೆಷಲ್ ಕೇಸು. ಉಪ್ಪುಗಾಳಿ, ಥಂಡಿ ಸೇರಿ ಹಿತ್ತಾಳೆ ಪಿನ್ನಿಗೆ ಕಿಲುಬು ಹಿಡಿಯುತ್ತದೆ. ಕಿಲುಬಿನ ಪದರ ಧ್ವನಿಯನ್ನು ತಡೆಯುತ್ತದೆ, ಅಲುಗಿಸಿದಾಗ ಕರಕರ ಎನ್ನುತ್ತದೆ. ಮರಳು ಕಾಗದದಿಂದ ತಿಕ್ಕಬೇಡಿ, ಮೇಲಿನ ಲೇಪ ಹೋದರೆ ಮುಂದಿನ ಮಳೆಗೆ ಎರಡು ಪಟ್ಟು ಹಿಡಿಯುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನು ಬಟ್ಟೆಗೆ ಹೊಡೆದು ಒರೆಸಿ. ವಿಮಾನದ ಜ್ಯಾಕಿನೊಳಗೆ ನೀವಾಗಿ ಏನನ್ನೂ ಹೊಡೆಯಬೇಡಿ, ಅಲ್ಲಿನ ಇಂಜಿನಿಯರಿಗೆ ಹೇಳಿ.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಉಪ್ಪಿನ ಕಾಟ ಇಲ್ಲ, ಬೂಸ್ಟಿನದು ಇದೆ. ಕಿವಿಯ ಮೆತ್ತೆ, ಮೈಕಿನ ಸ್ಪಂಜು ಎರಡಕ್ಕೂ ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣಗಳ ಜೊತೆ ಇಡಿ, ಸೆಲ್ ತೆಗೆದಿಡಿ. ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ ಇಟ್ಟರೆ ಒಣಗಿಯೇ ಇರುತ್ತದೆ ಎಂದು ಒಬ್ಬರು ಇಟ್ಟಿದ್ದರು. ಒಣಗಿತ್ತು ನಿಜ, ಹಾಕಿಕೊಳ್ಳುವ ಹಾಗಿರಲಿಲ್ಲ.

ಬ್ಲೂಟೂತ್ ಮಾಡಿದ್ರೆ ಈ ರಗಳೆ ಎಲ್ಲ ಇಲ್ಲ ಅಲ್ವಾ?

ಪಿನ್ನಿನ ರಗಳೆ ಇಲ್ಲ. ಗಾರ್ಮಿನ್ ಜಿಎಂಎ 345ರಂಥ ಹೊಸ ಆಡಿಯೋ ಪ್ಯಾನೆಲ್‌ಗಳಲ್ಲೂ (ರೇಡಿಯೋ, ಇಂಟರ್‌ಕಾಮ್ ಎಲ್ಲದರ ಧ್ವನಿ ಒಂದೇ ಕಡೆ ಹೊಂದಿಸುವ ಪೆಟ್ಟಿಗೆ) ಹಲವು ದುಬಾರಿ ಹೆಡ್‌ಸೆಟ್‌ಗಳಲ್ಲೂ ಬ್ಲೂಟೂತ್ ಇದೆ. ಆದರೆ ವಾಲ್ಯೂಮ್ ಈಗ ಎರಡು ಕಡೆ ಇರುತ್ತದೆ, ಫೋನಿನಲ್ಲಿ ಒಂದು, ಆ ಕಡೆ ಒಂದು. ಫೋನಿನದು ಮುಕ್ಕಾಲಿಗಿಂತ ಮೇಲಿಟ್ಟು ಉಳಿದದ್ದನ್ನು ಆ ಕಡೆ ಹೊಂದಿಸಿ. ಹೆಡ್‌ಸೆಟ್ಟಿನ ಬ್ಲೂಟೂತಿಗೆ ಇನ್ನೊಂದು ಗುಣ ಇದೆ. ಹಾಡು ನಿಮ್ಮ ಕಿವಿಗೆ ಮಾತ್ರ, ಇಂಟರ್‌ಕಾಮಿಗೆ ಹೋಗುವುದಿಲ್ಲ. ರೇಡಿಯೋ ಬಂದಾಗ ಹಾಡು ಇಳಿಯಲಿ ಎನ್ನುವ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ.

ತಮ್ಮಾ, ನನ್ನ ಮಗಳು ದಿನಾ ಅದನ್ನು ಕಿವಿಗೆ ಹಾಕ್ಕೊಂಡಿರ್ತಾಳೆ. ಹಾಡು ಬೇರೆ. ಕಿವಿ ಹೋಗೋದಿಲ್ವಾ?

ಅಕ್ಕಾ, ಹೆಡ್‌ಸೆಟ್ಟಿನಿಂದ ಕಿವಿ ಉಳಿಯುತ್ತದೆ, ಹಾಕದಿದ್ದರೇ ಹೋಗುತ್ತದೆ. ಹಾಡನ್ನು ಎಷ್ಟು ಏರಿಸುತ್ತಾಳೆ ಎನ್ನುವುದಷ್ಟೇ ಪ್ರಶ್ನೆ. ಕೆಲಸದ ಜಾಗಕ್ಕೆ ಬಳಸುವ ಒಂದು ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ತಡೆಯಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ತಾಸು, 91ಕ್ಕೆ 2, 94ಕ್ಕೆ ಒಂದೇ. ಹಾಗಾಗಿ ಸಾದಾ ಹೆಡ್‌ಸೆಟ್ಟಿನಲ್ಲಿ ಹಾಡು ಏರಿಸುವ ಬದಲು ಸದ್ದು ಕೊಲ್ಲುವ ಹೆಡ್‌ಸೆಟ್ ಕೊಡಿಸಿ. ಎಂಜಿನ್ನಿನ ಗುಡುಗು ಇಳಿದರೆ ಅವಳಾಗಿಯೇ ಹಾಡು ಇಳಿಸುತ್ತಾಳೆ.

## ವಯರು, ಬೆಸುಗೆ ಗೊತ್ತಿರುವವರಿಗೆ

ನಾವಿಬ್ರೇ ಇದ್ರೆ ಸರಿ. ನಾಲ್ಕು ಜನ ಕೂತ್ರೆ ಎಲ್ಲರಿಗೂ ಸಣ್ಣ ಆಗ್ತದೆ.

ಹೆಡ್‌ಸೆಟ್‌ಗಳು ಒಂದೇ ಆಂಪ್ಲಿಫೈಯರಿಗೆ ಅಕ್ಕಪಕ್ಕ ಸೇರಿದಾಗ ಒಟ್ಟು ಓಮ್ ಇಳಿಯುತ್ತದೆ. 300 ಓಮಿನ ನಾಲ್ಕು ಸೇರಿದರೆ 75. ಒಳ್ಳೆಯ ಇಂಟರ್‌ಕಾಮ್ ಅದನ್ನು ತಡೆಯುತ್ತದೆ. ತಡೆಯಲಾಗದೆ ಹೋಗುವುದು ನಾಲ್ವರಲ್ಲಿ ಒಬ್ಬರದು ಹಳೆ ಮಿಲಿಟರಿ ಹೆಡ್‌ಸೆಟ್ ಆದಾಗ. ಅವು 8 ಅಥವಾ 19 ಓಮಿನವು. ಇದ್ದ ಬಲವನ್ನೆಲ್ಲ ಅದೊಂದೇ ಎಳೆದುಕೊಳ್ಳುತ್ತದೆ, ಉಳಿದವರಿಗೆ ಏನೂ ಸಿಗುವುದಿಲ್ಲ. ಸೇನೆಯಿಂದ ನಿವೃತ್ತರಾದವರು ಪ್ರೀತಿಯಿಂದ ಕೊಟ್ಟ ಹೆಡ್‌ಸೆಟ್ ಕಾರವಾರದಲ್ಲಿ ಸಿಗುವ ಸಾಧ್ಯತೆ ಹೆಚ್ಚು ಅಂತ ಬೇರೆ ಹೇಳಬೇಕಾಗಿಲ್ಲ. ಒಂದೊಂದಾಗಿ ತೆಗೆದು ನೋಡಿ, ಯಾವುದನ್ನು ತೆಗೆದಾಗ ಎಲ್ಲರ ಧ್ವನಿ ಏರುತ್ತದೋ ಅದೇ.

ಫೋನಿಗೂ ಇಂಟರ್‌ಕಾಮಿಗೂ ನಡುವೆ ಚಿಕ್ಕ ಹೆಡ್‌ಫೋನ್ ಆಂಪ್ಲಿಫೈಯರ್ ಹಾಕಿದ್ರೆ?

ಕೆಲಸ ಮಾಡುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ 6 ಡೆಸಿಬಲ್, ಮೂರು ಪಟ್ಟಾದರೆ ಸುಮಾರು 10 ಡೆಸಿಬಲ್ ಏರುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ ತೊಂದರೆ ಬೇರೆ ಕಡೆ ಇದೆ ಎಂದೇ ತಿಳಿಯಿರಿ. ತನ್ನದೇ ಬ್ಯಾಟರಿ ಇರುವ, ಕಿಸೆಯಲ್ಲಿ ಹಿಡಿಯುವ ಆಂಪ್ಲಿಫೈಯರ್ ತನ್ನಿ. ವಿಮಾನದ ವಯರು ಮುಟ್ಟಬೇಕಾಗಿಲ್ಲ. ಫೋನನ್ನು ಮುಕ್ಕಾಲಿಗೆ ಇಟ್ಟು ಆಂಪ್ಲಿಫೈಯರನ್ನು ಕೆಳಗಿನಿಂದ ನಿಧಾನ ಏರಿಸಿ. ರೇಡಿಯೋ ಮಾತು ಹಾಡಿಗಿಂತ ಸ್ಪಷ್ಟ ಮೇಲಿರುವಾಗಲೇ ನಿಲ್ಲಿಸಿ.

ಜ್ಯಾಕಿನ ಹಿಂದೆ ಎರಡು ರೆಸಿಸ್ಟರ್ ಕಂಡೆ. ಕಿತ್ತು ಬಿಸಾಡ್ಲಾ?

ಬೇಡ. ಸ್ಟೀರಿಯೋ ಫೋನನ್ನು ಮಾನೋ ಇಂಟರ್‌ಕಾಮಿಗೆ ಸೇರಿಸಲು ಎಡ, ಬಲಕ್ಕೆ ಒಂದೊಂದು ರೆಸಿಸ್ಟರ್ ಹಾಕುತ್ತಾರೆ. ನೇರ ಸೇರಿಸಿದರೆ ಫೋನಿನ ಎರಡು ಆಂಪ್ಲಿಫೈಯರುಗಳು ಒಂದಕ್ಕೊಂದು ಗುದ್ದಾಡುತ್ತವೆ. ಆದರೆ ವಾಲ್ಯೂಮ್ ಎಲ್ಲಿ ಹೋಯಿತು ಎಂದು ಇಲ್ಲಿ ಲೆಕ್ಕ ಸಿಗುತ್ತದೆ. ಎರಡೂ 470 ಓಮ್, ಇಂಟರ್‌ಕಾಮಿನ ಹಾಡಿನ ತೂತಿನ ಕಡೆಯ ತಡೆ 500 ಓಮ್ ಎಂದಿಟ್ಟುಕೊಳ್ಳಿ. ಎರಡೂ ಕಡೆ ಧ್ವನಿ ಬರುತ್ತಿದ್ದರೆ ಕಳೆಯುವುದು 3 ಡೆಸಿಬಲ್ ಚಿಲ್ಲರೆ. ಮಾನೋ ಪಿನ್ ಹಾಕಿ ಒಂದು ಕಡೆ ಗ್ರೌಂಡಿಗೆ ತಾಗಿಬಿಟ್ಟರೆ 9 ಡೆಸಿಬಲ್‌ಗಿಂತ ಜಾಸ್ತಿ ಹೋಗುತ್ತದೆ. ಮೊದಲು ಪಿನ್ನು ನೋಡಿ, ರೆಸಿಸ್ಟರ್ ಆಮೇಲೆ.

ಹಳೆ ವಿಮಾನಗಳಲ್ಲಿ ಹಾಡಿನ ತೂತೇ ಇಲ್ಲದೆ, ಆಡಿಯೋ ಪ್ಯಾನೆಲ್ಲಿನ ಎಡಿಎಫ್ (ದಿಕ್ಕು ತೋರಿಸುವ) ರೇಡಿಯೋ ಜಾಗಕ್ಕೆ ಫೋನ್ ಸೇರಿಸಿದ್ದೂ ಉಂಟು. ಅಲ್ಲಿ ಫೋನಿನ ಬಲ ಸಾಲುವುದಿಲ್ಲ. ಮೇಲೆ ಹೇಳಿದ ಆಂಪ್ಲಿಫೈಯರೇ ದಾರಿ.

ಬೆಸುಗೆ ಗೊತ್ತಿದೆ ಎಂದು ಪ್ಯಾನೆಲ್ ಬಿಚ್ಚಬೇಡಿ. ವಿಮಾನದ ವಯರಿಂಗ್ ಬದಲಿಸುವುದು ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಒಪ್ಪಿದ ಸಂಸ್ಥೆ, ಲೈಸೆನ್ಸ್ ಇರುವ ಇಂಜಿನಿಯರ್ ಮಾಡಿ ದಾಖಲೆಗೆ ಸಹಿ ಹಾಕುವ ಕೆಲಸ. ನೀವು ಮಲ್ಟಿಮೀಟರಿನಲ್ಲಿ ನೋಡಬಹುದಾದದ್ದು ನಿಮ್ಮ ಸ್ವಂತ ವಯರು ಮತ್ತು ಹೆಡ್‌ಸೆಟ್.

ಕೊನೆಗೂ ಹಾಡು ಜೋರಾಯ್ತು. ಈಗ ಜೊತೆಗೆ ಕುಂಯ್ ಅಂತ ಒಂದು ಸದ್ದು. ನಮ್ಮ ಬೋಟಿನ ಟೇಪಿನಲ್ಲೂ ಹೀಗೇ ಇತ್ತು.

ಕಾರವಾರದ ಬೈತಖೋಲ ಬಂದರಿನ ಬೋಟಿನವರು ಕೇಳಿದರೂ ಇದೇ ಉತ್ತರ. ಎಂಜಿನ್ ಏರಿಸಿದಾಗ ಕುಂಯ್ ಸದ್ದಿನ ಶ್ರುತಿಯೂ ಏರಿದರೆ ಅದು ಎಂಜಿನ್ನಿನಿಂದ ಕರೆಂಟು ಮಾಡುವ ಆಲ್ಟರ್ನೇಟರಿನದು. ಫೋನನ್ನು ಚಾರ್ಜರಿನಿಂದ ಬಿಡಿಸಿ ನೋಡಿ. ಸದ್ದು ಹೋಯಿತಾ? ಹಾಗಾದರೆ ಚಾರ್ಜರಿನ ಗ್ರೌಂಡು, ಆಡಿಯೋ ವಯರಿನ ಗ್ರೌಂಡು ಎರಡೂ ಸೇರಿ ಒಂದು ಸುತ್ತು ಆಗಿದೆ. ಹಾಡು ಕೇಳುವಾಗ ಚಾರ್ಜ್ ಮಾಡಬೇಡಿ, ಇಲ್ಲವೇ ಪವರ್ ಬ್ಯಾಂಕಿನಿಂದ ಮಾಡಿ.

ಚಾರ್ಜ್ ಮಾಡಲೇಬೇಕು ಎಂದರೆ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ. ಒಳಗೆ ಎರಡು ಚಿಕ್ಕ ಟ್ರಾನ್ಸ್‌ಫಾರ್ಮರ್, ಎರಡು ಕಡೆ 3.5ರ ಪಿನ್ನು, ಅಷ್ಟೆ. ತೀರಾ ಅಗ್ಗದ್ದು ಕೆಳಗಿನ ಸ್ವರಗಳನ್ನು ತಿನ್ನುತ್ತದೆ, ಮದ್ದಳೆ ಡಬ್ಬಿ ಬಡಿದ ಹಾಗೆ ಕೇಳುತ್ತದೆ, ವಾಲ್ಯೂಮನ್ನೂ ಸ್ವಲ್ಪ ಇಳಿಸುತ್ತದೆ. ಆಂಪ್ಲಿಫೈಯರ್ ಕೂಡ ಬಳಸುವವರು ಐಸೊಲೇಟರನ್ನು ಅದರ ನಂತರ, ಇಂಟರ್‌ಕಾಮಿನ ಕಡೆ ಹಾಕಿ. ಚಾರ್ಜರ್ ತೆಗೆದ ಮೇಲೂ ಕುಂಯ್ ಉಳಿದರೆ, ಫೋನನ್ನೇ ತೆಗೆದು ನೋಡಿ. ಆಗಲೂ ಕೇಳಿದರೆ ನಿಮ್ಮ ಹಾಡಿಗೂ ಅದಕ್ಕೂ ಸಂಬಂಧ ಇಲ್ಲ. ಆಲ್ಟರ್ನೇಟರಿನ ಡಯೋಡೋ ವಿಮಾನದ ಗ್ರೌಂಡ್ ವಯರೋ ಕೆಟ್ಟಿರಬಹುದು. ಲಾಗ್ ಪುಸ್ತಕದಲ್ಲಿ ಬರೆದು ಇಂಜಿನಿಯರಿಗೆ ತೋರಿಸಿ, ಅಲ್ಲಿಯ ತನಕ ಹಾಡು ಬೇಡ.